ಅಕ್ಕೋರ ತಂಬಿಗೆ ಮತ್ತು ನಪಾಸಾದ ಪಾಠ

ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಗೆ ತನ್ನದೇ ಒಂದು ವಾಸನೆ ಇದೆ. ಪೂರ್ತಿ ಹುಳಿಯಲ್ಲ, ಪೂರ್ತಿ ಲೋಹದ್ದೂ ಅಲ್ಲ. ಕಳೆದ ಸೋಮವಾರ ಬಸ್ ನಿಲ್ದಾಣದಿಂದ ತಂದ ಪಾರ್ಸಲನ್ನು ಶಿವಬಸವ ನಗರದ ನಮ್ಮ ಮನೆಯ ಅಡುಗೆ ಕಟ್ಟೆಯ ಮೇಲಿಟ್ಟು ಬಿಚ್ಚಿದಾಗ ಮೊದಲು ಹೊರಬಂದದ್ದು ಆ ವಾಸನೆ. ಆಮೇಲೆ ಮುದುಡಿದ ಪತ್ರಿಕೆಯ ಹಾಳೆಗಳು, ಕೊನೆಗೆ ಒಂದು ತಂಬಿಗೆ. ಒಳಗೆ ಕಲಾಯಿ, ಹೊರಗೆ ಹೊಳಪು, ಕಂಠದ ಕೆಳಗೆ ಒಂದು ತಗ್ಗು. ನನ್ನ ಹೆಬ್ಬೆರಳು ನನ್ನನ್ನು ಕೇಳದೆ ಹೋಗಿ ಆ ತಗ್ಗಿನಲ್ಲಿ ಕೂತಿತು. ಮನುಷ್ಯನ ತಲೆಗಿಂತ ಬೆರಳಿಗೆ ನೆನಪು ಹೆಚ್ಚೆಂದು ಕಾಣುತ್ತದೆ.

ತಂಬಿಗೆಯೊಳಗೆ ಒಂದು ಚೀಟಿ ಇತ್ತು. ‘ಸರ, ಅಕ್ಕೋರು ಕಳಸಾಕ ಹೇಳಿದ್ರು. ನಿಮ್ಮದೊಂದು ಪಾಠ ಬಾಕಿ ಐತಿ. ಶನಿವಾರದೊಳಗ ಆಗಬೇಕಂತ. ಖಾನಾಪುರಕ್ಕ ಬರ್ರಿ. ಸಗುಣಾ.’

ನನ್ನ ಪಾಠ ಬಾಕಿಯೆ? ಹದಿನೆಂಟು ವರ್ಷಗಳ ಹಿಂದೆ ನಾನು ತಪ್ಪಾಗಿ ಮಾಡಿದ ಒಂದು ಪಾಠವನ್ನು ತಿದ್ದಿ ಮತ್ತೆ ಮಾಡಿದ್ದೆ. ಮಾಡಿದ್ದೆನೆಂದು ಹತ್ತಾರು ಸಭೆಗಳಲ್ಲಿ ಹೇಳಿದ್ದೇನೆ. ಕಾಡಿನಂಚಿನ ಊರಿಗೆ ನಡೆದು ಹೋಗಿ, ಒಬ್ಬ ವಿದ್ಯಾರ್ಥಿನಿಯ ಮನೆಯ ಅಂಗಳದಲ್ಲಿ ಕೂತು, ಅವಳ ತಂದೆಯ ಎದುರಿಗೆ ‘ತಪ್ಪು ನನ್ನದು’ ಎಂದು ಒಪ್ಪಿಕೊಂಡ ಕಥೆ ಅದು. ಅದನ್ನು ನಾನು ಚೆನ್ನಾಗಿಯೇ ಹೇಳುತ್ತೇನೆ. ‘ತಪ್ಪು ನನ್ನದು’ ಎಂಬಲ್ಲಿ ಸಣ್ಣ ವಿರಾಮ ಕೊಡುತ್ತೇನೆ.

ಚೀಟಿಯನ್ನು ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಓದಿ, ‘ಆ ಬಿದಿರಿನ ಸೇತುವಿ ಕಥೀನs ಇದು?’ ಎಂದಳು.

‘ಹೂಂ, ಅದs.’

‘ಮದವಿ ಆದ ಹೊಸದಾಗಿ ಹೇಳಿದಾಗ ಅದರಾಗ ಸೇತುವಿ ಇರಲಿಲ್ಲರೀ.’

ಅಷ್ಟು ಹೇಳಿ ಅವಳು ಒಗ್ಗರಣೆಗೆ ಹೋದಳು. ನಾನು ತಂಬಿಗೆ ಹಿಡಿದು ನಿಂತೆ.

ನಿಮಗೆ ಅಕ್ಕೋರ ಪರಿಚಯ ಮಾಡಿಕೊಡಬೇಕು. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳೆಲ್ಲ ಅಕ್ಕೋರೇ. ಅದಕ್ಕೆ ಹೆಸರಿನ ಆಸರೆಯೂ ಬೇಕಿಲ್ಲ. ನಾನು ಹೇಳುತ್ತಿರುವ ಅಕ್ಕೋರು ಈಗ ಒಂದು ಮುಕ್ತ ವಿಶ್ವವಿದ್ಯಾಲಯದ ಕುಲಪತಿ. ಸಾಂಬ್ರಾ ರಸ್ತೆಯಲ್ಲಿ ಅವರ ಕಚೇರಿ ಇದೆ. ಅಲ್ಲಿ ವಿಮಾನ ಇಳಿಯುವಾಗಲೆಲ್ಲ ಧ್ವನಿಮುದ್ರಣ ನಿಲ್ಲಿಸಬೇಕು. ಅಧಿಕಾರಿಗಳು ಅವರನ್ನು ಮೇಡಂ ಎನ್ನುತ್ತಾರೆ, ಬಾಗಿಲು ಕಾಯುವವರು ಅಕ್ಕೋರ ಎನ್ನುತ್ತಾರೆ. ಅವರು ಬೇಗ ತಿರುಗಿ ನೋಡುವುದು ಎರಡನೆಯದಕ್ಕೆ. ಈ ಶನಿವಾರ ಅವರ ನಿವೃತ್ತಿ.

ನಾನು ಅವರನ್ನು ಕಂಡಾಗ ಅವರು ಖಾನಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ತಲೆಮಾರುಗಳಿಂದ ಬೆಳಗಾವಿಯಲ್ಲೇ ಇರುವ ಜೈನ ಮನೆತನದ ಹೆಣ್ಣುಮಗಳು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕಾದ್ದರಿಂದ ಸಂಜೆಯ ಬಸ್ಸಿನಲ್ಲಿ ಕಿಟಕಿಯ ಬದಿ ಕೂತು ಡಬ್ಬಿ ತೆರೆಯುತ್ತಿದ್ದರು. ಆ ಬಸ್ಸಿನಲ್ಲೇ ಅವರಿಗೆ ಒಂದು ವಿಷಯ ಗೊತ್ತಾಯಿತಂತೆ. ಪಿಯುಸಿ ಮುಗಿಸಿದ ಹುಡುಗಿಯರು ಬೆಳಗಾವಿಗೆ ಬಂದು ಓದದಿರುವುದಕ್ಕೆ ಶುಲ್ಕ ಒಂದೇ ಕಾರಣವಲ್ಲ, ಬಸ್ಸೂ ಕಾರಣ. ಬೆಳಗಿನ ಬಸ್ಸಿಗೆ ಕಾಡಿನ ಊರುಗಳಿಂದ ನಡೆದು ಬರಬೇಕು, ಸಂಜೆ ಮರಳುವಷ್ಟರಲ್ಲಿ ಕತ್ತಲಾಗುತ್ತದೆ. ‘ಹುಡಿಗ್ಯಾರು ಕಾಲೇಜಿಗೆ ಬರೂದು ಆಗೂದಿಲ್ಲಂದ್ರ ಕಾಲೇಜs ಬಸ್ ಹತ್ತಿ ಹೋಗ್ಲಿ,’ ಎಂದು ಅವರು ಅಂದಾಗ ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ನಾನು.

ಕಾಲೇಜು ನಿಜವಾಗಿ ಬಸ್ ಹತ್ತಿತು. ಮೊದಲು ಕ್ಯಾಸೆಟ್ಟಿನಲ್ಲಿ, ಆಮೇಲೆ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕ ಮೆಮೊರಿ ಕಾರ್ಡಿನಲ್ಲಿ. ಪ್ರಯೋಗಾಲಯದ ಬಾಗಿಲಿಗೆ ಕಂಬಳಿ ತೂಗುಹಾಕಿ, ಅಕ್ಕೋರು ಪಾಠಗಳನ್ನು ಧ್ವನಿಮುದ್ರಿಸಿಕೊಂಡರು. ಬಸ್ ನಿಲ್ದಾಣದ ಮೊಬೈಲ್ ಅಂಗಡಿಯವನು ಅವುಗಳನ್ನು ಕಾರ್ಡಿಗೆ ತುಂಬಿ ಕೊಟ್ಟ. ಕಂಡಕ್ಟರರು ಲಕೋಟೆಯಲ್ಲಿ ಒಯ್ದರು. ಎಮ್ಮೆ ಕಾಯುವ ಹುಡುಗಿಯರು ಗುಡ್ಡದ ಮೇಲೆ ಕೂತು ಬಿ.ಎ. ಓದಿದರು.

ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡಿ ಆಗತಾನೆ ಕೆಲಸಕ್ಕೆ ಸೇರಿದ್ದ ನನಗೆ ಎಲ್ಲದರ ಮೇಲೂ ಅನುಮಾನ. ಪ್ರಶ್ನೆ ಕೇಳಲಾಗದ ಪಾಠ ಪಾಠವೇ? ಬಡವರಿಗೆ ಡಬ್ಬಿಯೊಳಗಿನ ಮೇಷ್ಟ್ರು, ಉಳ್ಳವರಿಗೆ ಜೀವಂತ ಮೇಷ್ಟ್ರು, ಇದು ಯಾವ ನ್ಯಾಯ? ಹೀಗೆಲ್ಲ ಕೇಳಿ ಸ್ಥಳೀಯ ಪತ್ರಿಕೆಯೊಂದಕ್ಕೆ ಲೇಖನ ಬರೆದೆ. ಅಕ್ಕೋರು ಅದನ್ನು ಕತ್ತರಿಸಿ ತಮ್ಮ ಮೇಜಿನ ಗಾಜಿನಡಿ ಇಟ್ಟರು. ‘ಎರಡನೇ ಪ್ರಶ್ನಿ ಬರೋಬರಿ ಐತ್ರಿ ಸರ,’ ಅಂದರು. ‘ಅದಕ್ಕ ಉತ್ತರ ಸಿಗೂ ತನಕಾ ಇದು ಇಲ್ಲೇ ಇರ್ಲಿ.’ ಮೇಜುಗಳು ಬದಲಾದವು. ಖಾನಾಪುರದಿಂದ ಬೆಳಗಾವಿ, ಅಧ್ಯಯನ ಕೇಂದ್ರದಿಂದ ಕುಲಸಚಿವರ ಕೊಠಡಿ, ಅಲ್ಲಿಂದ ಕುಲಪತಿಯ ಕೊಠಡಿ. ಆ ತುಣುಕು ಮಾತ್ರ ಹಳದಿಯಾಗುತ್ತ ಪ್ರತಿ ಗಾಜಿನಡಿಗೂ ಹೋಯಿತು. ತಿಂಗಳಿಗೆ ಎರಡು ದಿನ ಪ್ರತಿ ಕೇಂದ್ರದಲ್ಲೂ ಮೇಷ್ಟ್ರು ಖುದ್ದಾಗಿ ಕೂತು ಪ್ರಶ್ನೆಗಳಿಗೆ ಉತ್ತರ ಕೊಡಬೇಕೆಂಬ ಅವರ ನಿಯಮ ಅದರಿಂದಲೇ ಹುಟ್ಟಿತೆಂದು ನಾನು ನಂಬಿದ್ದೇನೆ. ಆದರೆ ನನ್ನ ನಂಬಿಕೆಗಳ ಈಗಿನ ಸ್ಥಿತಿ ನಿಮಗೆ ಗೊತ್ತೇ ಇದೆ.

ಅವರ ಅಳತೆಗಳೆಲ್ಲ ಬಸ್ಸಿನಿಂದ ಬಂದವು. ವರ್ಷದ ಶುಲ್ಕ ಬಸ್ ಪಾಸಿಗಿಂತ ಹೆಚ್ಚಿರಬಾರದು. ಒಂದು ಪಾಠದ ಗಾತ್ರ ಎಷ್ಟಿರಬೇಕೆಂದರೆ, ಖಾನಾಪುರದ ನಿಲ್ದಾಣದಲ್ಲಿ ಬಸ್ ನಿಂತು ಹೊರಡುವಷ್ಟರಲ್ಲಿ ಫೋನಿಗೆ ಇಳಿದಿರಬೇಕು. ಅವರು ಕುಲಪತಿಯಾದ ಮೇಲೆ ದೊಡ್ಡ ಊರಿನ ಕಂಪನಿಯವರು ಬಂದು ತಿರುಗುವ ಭೂಗೋಳ, ನಡೆದಾಡುವ ಬೊಂಬೆ ಎಲ್ಲ ಪರದೆಯ ಮೇಲೆ ತೋರಿಸಿದರಂತೆ. ಅಕ್ಕೋರು ಕೊನೆಯವರೆಗೂ ನೋಡಿ, ‘ಭಾಳ ಚಂದ ಐತ್ರಿ. ಜಾಂಬೋಟಿ ದಾಟಿದ ಮ್ಯಾಲೂ ತಿರಗತೈತೇನು?’ ಎಂದರಂತೆ. ಬಂದವರಿಗೆ ಖಾನಾಪುರದಾಚೆ ಕಾಡಿನ ಕಡೆಗಿರುವ ಜಾಂಬೋಟಿ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಆ ಸಭೆಯಲ್ಲಿ ನಾನಿರಲಿಲ್ಲ. ಹಾಗಾಗಿ ಈ ಮಾತನ್ನು ನೀವು ಧೈರ್ಯವಾಗಿ ನಂಬಬಹುದು.

ತಂಬಿಗೆಗೆ ಬರುತ್ತೇನೆ. ತರಗತಿಯಲ್ಲಿ ಪಾಠ ಹೇಳಿ ರೂಢಿಯಿದ್ದ ಮೇಷ್ಟ್ರುಗಳನ್ನು ಧ್ವನಿಮುದ್ರಣಕ್ಕೆ ಕೂರಿಸಿದರೆ ಏನಾಗುತ್ತದೆ ಹೇಳಿ? ಕೈ ಮಾತಾಡುತ್ತದೆ. ‘ಇಷ್ಟು ದೊಡ್ಡದು’ ಎನ್ನುತ್ತ ಕೈ ಅಗಲಿಸುತ್ತಾರೆ. ‘ಹೀಗೆ ತಿರುಗುತ್ತದೆ’ ಎನ್ನುತ್ತ ಬೆರಳು ತಿರುಗಿಸುತ್ತಾರೆ. ಗುಡ್ಡದ ಮೇಲೆ ಕೂತು ಕೇಳುವವಳಿಗೆ ಏನೂ ಕಾಣುವುದಿಲ್ಲ. ಅದಕ್ಕೆ ಅಕ್ಕೋರು ಕಂಡುಕೊಂಡ ಉಪಾಯವೆಂದರೆ ಕಂಠದವರೆಗೆ ನೀರು ತುಂಬಿದ ತಂಬಿಗೆ. ಧ್ವನಿಮುದ್ರಣ ಮುಗಿಯುವವರೆಗೆ ಅದನ್ನು ಎರಡೂ ಕೈಯಲ್ಲಿ ಹಿಡಿದಿರಬೇಕು. ತೋರಿಸಲು ಹೋದರೆ ನೀರು ಚೆಲ್ಲುತ್ತದೆ, ಚೆಲ್ಲಿದರೆ ಪಾಠ ಮೊದಲಿನಿಂದ. ಆ ನೀರನ್ನೂ ಅವರು ಬಟ್ಟೆಯಲ್ಲಿ ಸೋಸಿಯೇ ತುಂಬುತ್ತಿದ್ದರು. ಉಳಿದದ್ದು ಕಿಟಕಿಯ ಕೆಳಗಿನ ಕರಿಬೇವಿಗೆ. ನಾನು ಸೇರಿದ ವರ್ಷ ಮಾತ್ರ ಆ ಗಿಡಕ್ಕೆ ನೀರು ಸಿಗಲಿಲ್ಲ, ಎಲ್ಲ ನನ್ನ ಪ್ಯಾಂಟಿನ ಪಾಲಾಯಿತು. ಪ್ರಯೋಗಾಲಯದ ಸಹಾಯಕ ಮಾರುತಿ ನಮ್ಮೆಲ್ಲರಿಗಿಂತ ಹಿರಿಯ. ನಾನು ಹೊರಬಂದಾಗಲೆಲ್ಲ ಆಕಾಶ ನೋಡಿ, ‘ಏನ್ರೀ ಸರ, ಒಳಗ ಇವತ್ತೂ ಮಳಿ ಆತೇನ್ರಿ?’ ಎನ್ನುತ್ತಿದ್ದ.

ಒಂದು ದಿನ ಅಕ್ಕೋರು ಬೆಳಗಾವಿಗೆ ಸಭೆಗೆ ಹೋಗಿದ್ದರು. ನನ್ನ ಪಾಠ ಬೇಡಿಕೆಯ ರೇಖೆಯದು. ಬೆಲೆ ಏರಿದರೆ ಕೊಳ್ಳುವುದು ಇಳಿಯುತ್ತದೆ ಎಂದು ಗೆರೆ ಎಳೆದು ತೋರಿಸುವ ಪಾಠ. ತಂಬಿಗೆಯನ್ನು ಮೇಜಿನ ಮೇಲಿಟ್ಟೆ. ಸೀಮೆಸುಣ್ಣದ ಖಡು ಎತ್ತಿಕೊಂಡೆ. ಬೋರ್ಡಿನ ಮುಂದೆ ನಿಂತು, ನನ್ನ ಜೀವಮಾನದ ಅತ್ಯಂತ ನಿರರ್ಗಳ ಪಾಠ ಮಾಡಿದೆ. ಒಂದು ಹನಿ ಚೆಲ್ಲಲಿಲ್ಲ. ‘ಇವತ್ತ ಬಿಸಿಲ ಬಿದ್ದೈತ್ರಿ,’ ಎಂದ ಮಾರುತಿ. ಕಾರ್ಡು ಬಸ್ಸು ಹತ್ತಿತು.

ಎರಡು ತಿಂಗಳಾದ ಮೇಲೆ ಪೂರ್ವಭಾವಿ ಪರೀಕ್ಷೆ. ಅದರಲ್ಲಿ ಪಾಸಾದವರು ಮಾತ್ರ ಅಂತಿಮ ಪರೀಕ್ಷೆಗೆ ಕೂರಬಹುದು. ಉತ್ತರ ಪತ್ರಿಕೆಗಳ ಕಟ್ಟಿನಲ್ಲಿ ಒಂದು ವಿಚಿತ್ರ ಚಿತ್ರ ಸಿಕ್ಕಿತು. ಎರಡು ನೆಟ್ಟಗಿನ ಗೆರೆಗಳು ಅಕ್ಕಪಕ್ಕ ನಿಂತಿದ್ದವು. ಅವುಗಳ ಬಾಜು ಮೂರು ಚುಕ್ಕೆ, ಆಮೇಲೆ ಒಂದು ಉದ್ದನೆಯ ಗೆರೆ. ಆ ಗೆರೆ ನಡುವೆ ಕಡಿದು, ಮತ್ತೆ ಮುಂದುವರಿದಿತ್ತು. ಕೆಳಗೆ ಅಚ್ಚುಕಟ್ಟಾಗಿ ‘ಬೇಡಿಕೆಯ ರೇಖೆ’ ಎಂದು ಬರೆದಿತ್ತು. ನಾನು ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದೆ. ಹುಡುಗಿ ಎರಡು ಅಂಕದಿಂದ ನಪಾಸು. ಹೆಸರು ಸಗುಣಾ, ಜಾಂಬೋಟಿಯಿಂದಾಚೆ ಕಾಡಂಚಿನ ಗೌಳಿಗರ ಮನೆಯವಳು. ತಂದೆಗೆ ಎಮ್ಮೆಗಳಿದ್ದವು, ಮಗಳ ಓದಿನ ಬಗ್ಗೆ ಅರೆಮನಸ್ಸಿತ್ತು. ಒಮ್ಮೆ ನಪಾಸಾದರೆ ಓದು ಬಿಡಿಸುವುದೆಂದು ಮೊದಲೇ ಮಾತಾಗಿತ್ತಂತೆ.

ಅಕ್ಕೋರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ‘ಉಳದದ್ದೆಲ್ಲಾ ಬರೋಬರಿ ಬರದಾಳ. ಇದೊಂದs ಯಾಕ ಹಿಂಗ?’ ಎಂದು, ನನ್ನ ಪಾಠದ ಕಾರ್ಡನ್ನು ಫೋನಿಗೆ ಹಾಕಿದರು. ನನ್ನ ಧ್ವನಿ ಹೊರಬಂತು. ‘ನೋಡಿ, ಮೊದಲು ಹೀಗೊಂದು ಗೆರೆ.’ ಕಿರ್ರ್. ‘ಆಮೇಲೆ ಹೀಗೊಂದು.’ ಕಿರ್ರ್. ‘ಈಗ ಇಲ್ಲಿ, ಇಲ್ಲಿ, ಇಲ್ಲಿ.’ ಟಕ್, ಟಕ್, ಟಕ್. ‘ಇವುಗಳನ್ನು ಕೂಡಿಸಿದರೆ...’ ಕಿರ್ರ್ರ್ರ್, ನಡುವೆ ಟಪ್ ಎಂದು ಖಡು ಮುರಿದ ಸದ್ದು, ಮತ್ತೆ ಕಿರ್ರ್.

ಹುಡುಗಿ ಒಂದು ಸದ್ದನ್ನೂ ಬಿಡದೆ ಬರೆದಿದ್ದಳು. ಖಡು ಮುರಿದ ಜಾಗವನ್ನೂ ಬಿಟ್ಟಿರಲಿಲ್ಲ.

ಮೊದಲು ಅಕ್ಕೋರು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ನಗು ನಿಂತಿತು. ಕೆಂಪು ಶಾಯಿಯ ಪೆನ್ನು ಕೇಳಿ ಇಸಿದುಕೊಂಡರು. ಪತ್ರಿಕೆಯ ಸೊನ್ನೆಯನ್ನು ಹೊಡೆದು ಹಾಕಿ, ಪಾಠಗಳ ಪಟ್ಟಿ ತೆಗೆದು ನನ್ನ ಪಾಠದ ಎದುರಿಗೆ ‘ನಪಾಸು’ ಎಂದು ಬರೆದರು. ‘ಹುಡುಗಿ ಪಾಸು, ಪಾಠ ನಪಾಸು. ಸರ, ನೀವs ಮತ್ತ ಮಾಡಬೇಕು. ಅಲ್ಲೀತನಕಾ ಬ್ಯಾರೇದವರ ಪಾಠ ಕಳಸ್ತೀನಿ, ಆದ್ರ ನಿಮ್ಮ ಗೆರಿ ನೀವs ಅಳಿಸಬೇಕು.’ ಆಗಲೇ ಊರಿಗೆ ಸುದ್ದಿ ಮುಟ್ಟಿತ್ತು, ತಂದೆ ಓದು ಬಿಡಿಸಿದ್ದ. ಆತನಿಗೆ ಖುದ್ದಾಗಿ ಹೋಗಿ ಹೇಳಬೇಕೆಂದು ಅಕ್ಕೋರು ಹೊರಟರು. ನಾನೂ ಹೊರಟೆ.

ಇಲ್ಲಿಯವರೆಗಿನದು ನಿಜ. ಇಲ್ಲಿಂದ ಮುಂದಿನದನ್ನು ನಾನು ಹೇಗೆ ಹೇಳುತ್ತ ಬಂದಿದ್ದೇನೆಂದರೆ, ಜಾಂಬೋಟಿಯಲ್ಲಿ ಬಸ್ಸಿಳಿದು ನಡೆದೆವು, ಹಳ್ಳಕ್ಕೆ ಬಿದಿರಿನ ಸೇತುವೆ ಇತ್ತು, ಅಂಗಳದಲ್ಲಿ ಕಂಬಳಿ ಹಾಸಿದರು, ನಾನು ‘ತಪ್ಪು ನನ್ನದು’ ಎಂದೆ, ಸಗುಣಾಳ ತಂದೆ ತಂಬಿಗೆಯಲ್ಲಿ ಬಿಸಿ ಹಾಲು ಕೊಟ್ಟ. ಆ ಹಾಲಿನ ರುಚಿ ಈಗಲೂ ನಾಲಿಗೆಯ ಮೇಲಿದೆ. ತುಸು ಹೊಗೆ, ತುಸು ಸಿಹಿ. ಬೇರೆ ಏನು ಸುಳ್ಳಾದರೂ ಹಾಲು ಸುಳ್ಳಲ್ಲ. ಸೋಮವಾರ ಹೆಂಡತಿ ಸೇತುವೆಯನ್ನು ಕಿತ್ತ ಮೇಲೂ ನಾನು ಹಾಲನ್ನು ಹಿಡಿದುಕೊಂಡೇ ಅಕ್ಕೋರಿಗೆ ಫೋನು ಮಾಡಿದೆ.

‘ಅಕ್ಕೋರ, ತಂಬಿಗಿ ಬಂತ್ರಿ.’

‘ಬಂತಲಾ? ಸೋರತೈತೇನು ನೋಡ್ರಿ ಮದಲ. ಅದಕ್ಕೂ ವಯಸ್ಸಾಗೈತಿ.’

‘ಆದ್ರ ಆ ಪಾಠ ನಾ ಮತ್ತ ಮಾಡೀನಲ್ರಿ. ಸಗುಣಾನ ಮನಿಗೆ ಹೋಗಿ ಬಂದ ಮ್ಯಾಲೆ.’

ಆ ಕಡೆ ವಿಮಾನ ಇಳಿಯುವ ಸದ್ದು. ಅದು ನಿಲ್ಲುವವರೆಗೆ ಕಾದು ಅಕ್ಕೋರು ಕೇಳಿದರು: ‘ಯಾರು ಹೋಗಿದ್ರು?’

‘ನಾವು.’

‘ನಾವು ಅಂದ್ರ?’

‘ನೀವು, ನಾನು.’

‘ಸರ, ನೀವು ಜಾಂಬೋಟಿ ತನಕಾ ಬಂದಿದ್ರಿ. ಚಹಾದಂಗಡ್ಯಾಗ ಕುಂತ್ರಿ. ಪೇಪರ್ ಓದಿ ಮುಗಸ್ತೀನಿ, ನೀವು ಮುಂದ ನಡೀರಿ ಅಂದ್ರಿ.’

‘ನಾನು?’

‘ಮತ್ತ್ಯಾರು, ನಾ ಓದತಿದ್ನೇನು ಪೇಪರ್?’

ನಾನು ಕುರ್ಚಿ ಹುಡುಕಿ ಕೂತೆ. ‘ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲ ಅಕ್ಕೋರ? ನಾ ಸಭಾದಾಗ ಹೇಳೂ ಮುಂದ ನೀವs ಮುಂದಿನ ಸಾಲಿನ್ಯಾಗ ಕುಂತಿರತಿದ್ರಿ.’

‘ಚಲೋ ಹೇಳತಿದ್ರಿ,’ ಎಂದರು ಅಕ್ಕೋರು. ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ, ಇದ್ದಿದ್ದರೆ ಸುಲಭವಾಗುತ್ತಿತ್ತು. ‘ಒಂದಿನಾ ಖರೇನ ಆ ಹಾದಿ ನಡದು ಹೋಗ್ತಾರು ಅಂತ ಸುಮ್ಮಕಿದ್ದೆ. ಈಗ ನನ್ನ ಕಡೆ ದಿನಾ ಉಳದಿಲ್ಲ. ಪಟ್ಟಿಯೊಳಗ ಅದೊಂದs ಕೆಂಪ ಉಳದೈತಿ. ಶನಿವಾರ ಕುರ್ಚಿ ಬಿಡೂದರೊಳಗ ಮಾಡ್ರಿ. ನನಗ ಹಾರ ಬ್ಯಾಡ, ಶಾಲು ಬ್ಯಾಡ. ಇದೊಂದು ಮಾಡ್ರಿ.’

ಬುಧವಾರ ಖಾನಾಪುರದ ಬಸ್ ಹತ್ತಿದೆ. ಕಿಟಕಿಯ ಬದಿ ಕೂತು ನನ್ನನ್ನು ನಾನೇ ಪಾಟೀಸವಾಲು ಮಾಡಿಕೊಂಡೆ. ಚಹಾದಂಗಡಿ ನೆನಪಿದೆಯೆ? ಇಲ್ಲ. ಹಾದಿ? ಇದೆ, ಆದರೆ ಅದರಲ್ಲಿ ಅಕ್ಕೋರು ಒಬ್ಬರೇ ನಡೆಯುತ್ತಿದ್ದಾರೆ, ನಾನು ಎಲ್ಲಿಂದ ನೋಡುತ್ತಿದ್ದೇನೋ ತಿಳಿಯದು. ಪುಸ್ತಕಗಳನ್ನು ಅನುಮಾನಿಸಲು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಸರ್ಕಾರವನ್ನು, ದೇವರನ್ನು, ಅಂಕಿಅಂಶಗಳನ್ನು ಅನುಮಾನಿಸುವುದನ್ನು ನಾನೇ ಕಲಿತೆ. ನನ್ನ ಕಥೆಯಲ್ಲಿ ನಾನು ಯಾಕೆ ಯಾವಾಗಲೂ ಅಷ್ಟು ಒಳ್ಳೆಯವನಾಗಿ ಕಾಣುತ್ತೇನೆ ಎಂದು ಮಾತ್ರ ಎಂದೂ ಕೇಳಿಕೊಂಡಿರಲಿಲ್ಲ.

ಅಧ್ಯಯನ ಕೇಂದ್ರ ಬಸ್ ನಿಲ್ದಾಣದ ಹಿಂದೆ, ಹಳೆಯ ಶಾಲಾ ಕಟ್ಟಡದ ಎರಡು ಕೋಣೆಗಳಲ್ಲಿದೆ. ಕಿಟಕಿಗೆ ಒಂದು ಪುಟ್ಟ ಪೆಟ್ಟಿಗೆ ಕಟ್ಟಿದ್ದಾರೆ. ಅದರ ಹತ್ತಿರ ನಿಂತರೆ ಫೋನಿಗೆ ಪಾಠಗಳು ಪುಕ್ಕಟೆ ಇಳಿಯುತ್ತವೆ. ನಾನು ಹೋದಾಗ ಕಾಯಿಪಲ್ಲೆಯ ಬುಟ್ಟಿ ಕೆಳಗಿಟ್ಟ ಹೆಂಗಸೊಬ್ಬಳು ಫೋನನ್ನು ಆ ಕಿಟಕಿಗೆ ಹಿಡಿದು ನಿಂತು, ಕಣ್ಣನ್ನು ಬಸ್ಸಿನ ಮೇಲಿಟ್ಟಿದ್ದಳು. ಡ್ರೈವರ್ ಹಾರ್ನು ಹೊಡೆದ. ಅವಳು ಫೋನು ನೋಡಿ, ಬುಟ್ಟಿ ಎತ್ತಿಕೊಂಡು ಓಡಿದಳು. ಪಾಠ ಇಳಿದಿರಬೇಕು.

‘ಬರ್ರಿ ಸರ, ಕುಂದರ್ರಿ. ತಂಬಿಗಿ ತಂದೀರಿಲ್ಲೊ?’

ಕೇಂದ್ರದ ಸಂಯೋಜಕಿ ಸಗುಣಾ. ವಯಸ್ಸು ನಲವತ್ತರ ಹತ್ತಿರ, ಕಿವಿಯ ಬಳಿ ಒಂದೆರಡು ಬಿಳಿಗೂದಲು. ಯಾರದೋ ಫೋನಿಗೆ ಮರಾಠಿಯಲ್ಲಿ, ನನಗೆ ಕನ್ನಡದಲ್ಲಿ, ಒಂದೇ ಉಸಿರಿನಲ್ಲಿ ಎರಡಕ್ಕೂ ಉತ್ತರಿಸುತ್ತಿದ್ದಳು. ಫೋನು ಇಟ್ಟ ಮೇಲೆ ನಾನು ಕೇಳಿದೆ: ‘ಸಗುಣಾ, ಅವತ್ತ ನಾ ನಿಮ್ಮ ಮನಿಗೆ ಬಂದಿದ್ನೇನು?’

‘ಇಲ್ರೀ ಸರ. ನಿಮಗ ಜ್ವರ ಬಂದಿತ್ತಲ್ರೀ.’

‘ಜ್ವರಾ?’

‘ಅಕ್ಕೋರು ನಮ್ಮ ಬಾಬಾಗ, ಅಪ್ಪಗ ಹೇಳಿದ್ರು, ಸರ ಬಂದಾರು, ಆದ್ರ ಮೈ ಸುಡಾಕತ್ತೈತಿ, ಜಾಂಬೋಟಿಯಾಗ ಕುಂಡ್ರಿಸಿ ಬಂದೀನಿ ಅಂತ. ಬಾಬಾ ಅಂದ, ಜ್ವರದಾಗೂ ಇಷ್ಟ ದೂರ ಬಂದಾರಂದ್ರ ಖರೇನ ದೊಡ್ಡ ಮನಶ್ಯಾರು. ಅಕ್ಕೋರು ಈ ತಂಬಿಗಿ ತಂದಿದ್ರು, ಪಾಠ ಹೆಂಗ ಹೇಳತಾರು ಅಂತ ಬಾಬಾಗ ತೋರಸಾಕ. ಅದರಾಗs ಹಾಲು ಕಾಸಿ ನಿಮಗ ಕಳಿಸಿದ.’

ಹಾಲು ಎಲ್ಲಿಂದ ಬಂತೆಂದು ಕೊನೆಗೂ ಗೊತ್ತಾಯಿತು. ನಾಲಿಗೆ ಸುಳ್ಳು ಹೇಳಿರಲಿಲ್ಲ, ಸುಳ್ಳು ಹೇಳಿದ್ದು ಕಾಲು. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಆದರೆ ಅಕ್ಕೋರು ಸುಳ್ಳು ಹೇಳಿದ್ದರು. ತಪಾಸಣೆಗೆ ಬಂದವರ ಮುಂದೆ ಪ್ರಯೋಗಾಲಯದಲ್ಲಿ ಇಲ್ಲದ ಒಂದು ಉಪಕರಣವನ್ನು ಇದೆ ಎನ್ನಲು ಒಪ್ಪದೆ ಕಾಲೇಜಿಗೆ ಮುಜುಗರ ತಂದವರು. ಅವರು ಒಬ್ಬ ಹೆದರುಪುಕ್ಕ ಮೇಷ್ಟ್ರ ಮಾನ ಕಾಯಲು ಆ ಅಂಗಳದಲ್ಲಿ ಕೂತು ಜ್ವರ ಹುಟ್ಟಿಸಿದ್ದರು.

‘ಸಗುಣಾ,’ ಎಂದೆ. ‘ನನಗ ಜ್ವರ ಇರಲಿಲ್ಲ.’

‘ಗೊತ್ತೈತ್ರಿ.’

‘ಅಕ್ಕೋರು ಹೇಳಿದ್ರೇನು?’

‘ಅವರ‍್ಯಾಕ ಹೇಳತಾರ್ರಿ? ಆ ಚಹಾದಂಗಡಿಗೆ ಹಾಲು ಹಾಕ್ತಿದ್ದವ ನಮ್ಮ ಬಾಬಾನ. ಮರುದಿನ ಹೋದಾಗ ಅಂಗಡಿಯವ ಹೇಳಿದ್ನಂತ, ನಿಮ್ಮ ಮಗಳ ಸರ ಎರಡು ಪ್ಲೇಟ್ ಭಜಿ ತಿಂದು ಹಾಲು ಕುಡದು ಹೋದ್ರು ಅಂತ.’ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ‘ಬಾಬಾ ಮನಿಗೆ ಬಂದು ಎರಡು ದಿನಾ ನಕ್ಕ. ಜ್ವರಕ್ಕ ಭಜಿ ಔಷಧ ಅಂತ ಗೊತ್ತಿದ್ದಿಲ್ಲ ಅಂದ.’

ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ. ಆಮೇಲೆ ಕೇಳಿದೆ: ‘ಮತ್ತ ನಿನ್ನ ಓದಾಕ ಯಾಕ ಬಿಟ್ಟ? ನಾ ಬಂದು ತಪ್ಪು ಒಪ್ಪಕೊಳ್ಳಲಿಲ್ಲಲಾ?’

‘ಅಕ್ಕೋರು ಅಂಗಳದಾಗ ಕುಂತು, ತಂಬಿಗಿ ಹಿಡಕೊಂಡು ಆ ಪಾಠ ಬಾಬಾಗs ಹೇಳಿದ್ರು. ಬಾಬಾ ಕಣ್ಣು ಮುಚ್ಚಿ ಕೇಳಿದ. ಕೇಳಿ ಅಂದ, ಹಾಲಿನ ದರ ನಾ ಏರಿಸಿದ್ರ ಅಂಗಡಿಯವ ಕಮ್ಮಿ ತಗೊಂಡು ಚಹಾಕ್ಕ ನೀರು ಹಾಕ್ತಾನು, ಇದನ್ನ ಕಲ್ಯಾಕ ಸಾಲಿ ಯಾಕ ಬೇಕು? ಅಕ್ಕೋರು ಅಂದ್ರು, ನಿಮಗ ಗೊತ್ತಿದ್ದದ್ದನ್ನ ನಿಮ್ಮ ಮಗಳು ಬರದು ತೋರಿಸಿದ್ರ ನಾಳೆ ದರಾ ಗೊತ್ತು ಮಾಡೂ ಕಡೆ ಆಕಿನೂ ಕುಂದರಬಹುದು. ಬಾಬಾ ಅಂದ, ಹೋಗು.’

ಹಾಲಿನ ದರ, ಚಹಾಕ್ಕೆ ನೀರು. ಬೆಳಗಾವಿಯ ತರಗತಿಗಳಲ್ಲಿ ವರ್ಷವರ್ಷವೂ ನಾನು ಕೊಡುವ ಉದಾಹರಣೆ ಅದು. ಹುಡುಗರು ನಗುತ್ತಾರೆ, ನಾನು ಅದನ್ನು ನನ್ನದೇ ಎಂದುಕೊಂಡಿದ್ದೆ. ಹಾಲಿನ ಜೊತೆ ಅದನ್ನೂ ಅಕ್ಕೋರೇ ಚಹಾದಂಗಡಿಗೆ ತಂದುಕೊಟ್ಟಿರಬೇಕು, ನಾನು ಕುಡಿದಿರಬೇಕು.

ಸಗುಣಾ ನೀರು ಸೋಸಿ ತಂಬಿಗೆ ತುಂಬಿದಳು. ಕೋಣೆಯ ಬಾಗಿಲಿಗೆ ಈಗಲೂ ಕಂಬಳಿಯೇ. ಮೇಜಿನ ಮೇಲೆ ಫೋನಿಟ್ಟು, ತಾನು ಒಂದು ವಹಿ ಹಿಡಿದು ನನಗೆ ಬೆನ್ನು ಮಾಡಿ ಕೂತಳು. ‘ನೀವು ಹೇಳಿದಷ್ಟs ಬರೀತೀನ್ರಿ ಸರ. ಹೋದ ಸಲನೂ ಅಷ್ಟs ಬರದಿದ್ದೆ.’

ಮೊದಲ ಸಲ ಬಸ್ಸಿನ ಹಾರ್ನು, ಎರಡನೆಯ ಸಲ ನನ್ನ ಕೆಮ್ಮು. ಮೂರನೆಯ ಸಲ ಹೀಗೆ ಶುರು ಮಾಡಿದೆ: ‘ಈ ಪಾಠವನ್ನು ನಾನು ಹಿಂದೊಮ್ಮೆ ತಪ್ಪಾಗಿ ಹೇಳಿದ್ದೆ. ಕೇಳಿದವರು ಸರಿಯಾಗಿಯೇ ಕೇಳಿದ್ದರು. ಇದರಲ್ಲಿ ಬರುವ ಉದಾಹರಣೆ ಜಾಂಬೋಟಿಯ ಆಚೆ ಎಮ್ಮೆ ಸಾಕುತ್ತಿದ್ದ ಒಬ್ಬರದು.’ ಆಮೇಲೆ ಹಾಳೆಯ ಎಡ ಅಂಚಿನಲ್ಲಿ ಕೆಳಗಿನಿಂದ ಮೇಲಕ್ಕೆ ಒಂದು ಗೆರೆ ಎಳೆಯಲು ಹೇಳಿದೆ. ಅದು ದರದ ಗೆರೆ, ಮೇಲೆ ಹೋದಷ್ಟೂ ಹಾಲು ತುಟ್ಟಿ. ಅದರ ಬುಡದಿಂದ ಬಲಕ್ಕೆ, ನೆಲದಂತೆ ಮಲಗಿದ ಇನ್ನೊಂದು ಗೆರೆ. ಅದು ಎಷ್ಟು ಲೀಟರ್ ಹೋಯಿತೆಂಬುದರದು. ಒಂದೊಂದು ಮಾತನ್ನೂ ಕಾಲಿಟ್ಟು ನೋಡಿ ನಡೆದಂತೆ ನಡೆದೆ. ತಂಬಿಗೆ ಭಾರವಾಗತೊಡಗಿತು. ಹದಿನೆಂಟು ವರ್ಷಗಳಲ್ಲಿ ಮೊದಲ ಸಲ ಆ ಹಾದಿಯಲ್ಲಿ ನಾನೇ ನಡೆಯುತ್ತಿದ್ದೇನೆ ಅನ್ನಿಸಿತು. ಸೇತುವೆ ಎಲ್ಲೂ ಸಿಗಲಿಲ್ಲ.

ಮುಗಿದಾಗ ಸಗುಣಾ ತಿರುಗಿ ವಹಿ ತೋರಿಸಿದಳು. ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ, ಗುಡ್ಡದ ಇಳಿಜಾರಿನಂತೆ ನಿರಾಳವಾಗಿ ಇಳಿದ ಒಂದು ಗೆರೆ. ನಡುವೆ ಎಲ್ಲೂ ಕಡಿದಿರಲಿಲ್ಲ.

‘ಹಳೇದನ್ನ ಅಳಿಸಿ ಬಿಡು ಇನ್ನ,’ ಎಂದೆ.

‘ಆಗೂದಿಲ್ರೀ ಸರ,’ ಎಂದಳು ಅವಳು, ಥೇಟು ಅಕ್ಕೋರ ಧ್ವನಿಯಲ್ಲಿ. ‘ಹೊಸಾದಾಗಿ ಬರೂ ಮೇಷ್ಟ್ರಿಗೆಲ್ಲಾ ನಾ ಮದಲ ಕೇಳಸೂದs ಅದನ್ನ.’

ನಿನ್ನೆ ಸಂಜೆ ಅಕ್ಕೋರಿಂದ ಫೋನಿಗೆ ಒಂದು ಸಂದೇಶ ಬಂತು. ಪಾಸೆಂದೂ ಇಲ್ಲ, ನಪಾಸೆಂದೂ ಇಲ್ಲ. ‘ಸರ, ಆರನೇ ನಿಮಿಷದಾಗ ನೀರು ಚೆಲ್ಲಿದ ಸಪ್ಪಳ ಬಂತು. ಏನು ತೋರಸಾಕ ಹೋಗಿದ್ರಿ?’ ನಾನು ಉತ್ತರ ಬರೆದು ಅಳಿಸಿದೆ, ಮತ್ತೆ ಬರೆದೆ. ನನಗೆ ಬೆನ್ನು ಮಾಡಿ ಕೂತಿದ್ದ ಸಗುಣಾಳ ಭುಜದಾಚೆ, ಅವಳ ಪೆನ್ಸಿಲ್ ಸರಿಯಾದ ದಿಕ್ಕಿಗೆ ಇಳಿಯುತ್ತಿರುವುದು ಕಂಡಿತ್ತು. ಅದನ್ನು ಯಾರಿಗಾದರೂ ತೋರಿಸಬೇಕೆಂದು ಕೈ ಎದ್ದಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಈಗ ತಂಬಿಗೆ ನನ್ನ ಮೇಜಿನ ಮೇಲಿದೆ, ಹುಣಸೆಯ ವಾಸನೆ ಆರುತ್ತ ಬಂದಿದೆ. ನಾಳೆ ಬೀಳ್ಕೊಡುಗೆ. ನನಗೆ ಮಾತಾಡಲು ಹತ್ತು ನಿಮಿಷ ಕೊಟ್ಟಿದ್ದಾರೆ. ಅಕ್ಕೋರು ವೇದಿಕೆಯ ಮೇಲಿರುತ್ತಾರೆ, ಸಗುಣಾ ಮುಂದಿನ ಸಾಲಿನಲ್ಲಿ ತನ್ನ ತಂದೆಯನ್ನೂ ಕೂರಿಸಿರುತ್ತಾಳೆ. ಆತನಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲವಂತೆ, ಕಿವಿ ಮಾತ್ರ ಚುರುಕಾಗಿದೆಯಂತೆ. ಹಾಗಾಗಿ ತಂಬಿಗೆಯಲ್ಲಿ ನೀರು ತುಂಬಿ ಎರಡೂ ಕೈಯಲ್ಲಿ ಹಿಡಿದೇ ಮಾತಾಡುವವನಿದ್ದೇನೆ. ಬೆಳಿಗ್ಗೆಯಿಂದ ಬರೆದು ಹೊಡೆದು ಹಾಕಿ ಕೊನೆಗೆ ಒಂದು ವಾಕ್ಯ ಮಾತ್ರ ಉಳಿದಿದೆ, ಅಲ್ಲಿಂದ ಶುರು ಮಾಡುತ್ತೇನೆ. ‘ಬಾಬಾ, ಅವತ್ತು ನನಗೆ ಜ್ವರ ಇರಲಿಲ್ಲ.’